ಮಗುವಿನ ಗೇಣು



ಹಂಸಭಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬಡಿದ ಸಾಗವಾನಿಯ ಹಲಗೆಯೊಂದಿದೆ. ಅದರ ಉದ್ದ 33 ಇಂಚು. ಇಂಥ ಅಳತೆಯ ಹಲಗೆಯನ್ನು ಯಾವ ಬಡಿಗನೂ ಬೇಕೆಂದು ಕೊಯ್ಯುವುದಿಲ್ಲ. ಅದು 36 ಇಂಚು ಇರಬೇಕಾಗಿದ್ದ ಹಲಗೆ. 33 ಆದದ್ದು ನನ್ನಿಂದ. ಎಳೆಯ ಮಕ್ಕಳಿಗೆ ಉದ್ದವನ್ನು ಅಳೆಯಲು, ಹೋಲಿಸಲು ಕಲಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಆಡಲು ಒಪ್ಪಿಕೊಂಡಾಗ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಆ ಹಲಗೆಯೇ. ಆಯುಷ್ಯದ ಬಹುಭಾಗವನ್ನು ಕನ್ನಡ ಕಾವ್ಯದ ಪಾಠ ಹೇಳುವುದರಲ್ಲಿ ಕಳೆದವನಿಗೆ ಗಣಿತದ ಗೊಡವೆ ಏಕೆಂದು ಕೇಳುವವರಿಗೆ ಆ ಹಲಗೆಯೇ ನನ್ನ ಉತ್ತರ.

ಅದು 1970ರ ಮಾತು. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂಬ ಹೆಸರಿತ್ತು; ಹಿರೇಕೆರೂರು ತಾಲೂಕು ಧಾರವಾಡ ಜಿಲ್ಲೆಗೆ ಸೇರಿತ್ತು. ನನಗೆ ಹತ್ತು ವರ್ಷ. ಹಿತ್ತಲ ಕೋಣೆಯ ಕಿಟಕಿಗೆ ಬಾಗಿಲು ಮಾಡಿಸಲು ಅಪ್ಪ ಬಡಿಗನನ್ನು ಕರೆಸಿದ್ದರು. ಆತ ಜೋಳದ ದಂಟೊಂದನ್ನು ಕಿಟಕಿಯ ಚೌಕಟ್ಟಿಗೆ ಹಿಡಿದು, ಸರಿಯಾದ ಕಡೆ ಮುರಿದು, ಆ ದಂಟನ್ನೇ ಹಲಗೆಯ ಮೇಲಿಟ್ಟು ಗುರುತು ಹಾಕುವವನು. ಶಾಲೆಗೆ ಹೋಗುತ್ತಿದ್ದ ನನಗೆ ಅದು ನಗೆಗೀಡಾಗಿ ಕಂಡಿತು. ನಮ್ಮ ಕಡೆಯವರು ಫೂಟಪಟ್ಟಿ ಎಂದು ಕರೆಯುವ ಕಟ್ಟಿಗೆಯ ಅಳತೆಪಟ್ಟಿಯನ್ನು ತಂದು, ಚೌಕಟ್ಟು ಮೂರು ಅಡಿ ಇದೆಯೆಂದು ಬಡಿಗನಿಂದಲೇ ಕೇಳಿ ತಿಳಿದು, ಗುರುತನ್ನು ನಾನೇ ಹಾಕುವೆನೆಂದೆ. “ಸಾಲಿ ಕಲಿಯೋ ಹುಡುಗ, ಅವನs ಹಾಕಲಿ” ಎಂದರು ಅಪ್ಪ. ಅವರ ದನಿಯಲ್ಲಿ ಹೆಮ್ಮೆಯಿತ್ತು.

ಆ ಪಟ್ಟಿಯ ಒಂದು ತುದಿ ಸವೆದು ಮೊಂಡಾಗಿತ್ತು. ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದ ಮೊದಲ ಅಂಕೆ ಒಂದು. ಎಣಿಕೆ ಒಂದರಿಂದ ತಾನೆ ಆರಂಭವಾಗುವುದು? ನಾನು ಒಂದರ ಗೆರೆಯನ್ನು ಹಲಗೆಯ ಅಂಚಿಗೆ ಹೊಂದಿಸಿ ಹನ್ನೆರಡರ ಗೆರೆಯವರೆಗೆ ಗುರುತು ಮಾಡಿದೆ. ಹಾಗೆ ಮೂರು ಸಲ ಮಾಡಿದೆ. ಒಂದರಿಂದ ಹನ್ನೆರಡಕ್ಕೆ ಇರುವುದು ಹನ್ನೊಂದು ಇಂಚು ಮಾತ್ರವೆಂದು ನನಗೆ ಹೊಳೆಯಲಿಲ್ಲ. ಗರಗಸ ಆಡಿತು, ಹಲಗೆ ಮೂರು ಇಂಚು ಗಿಡ್ಡವಾಯಿತು. ಸಾಗವಾನಿಗೆ ಆಗಲೂ ಬೆಲೆ ಕಡಿಮೆಯಿರಲಿಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಆ ತುಂಡನ್ನು ಪಡಸಾಲೆಯ ಗೋಡೆಗೆ ಬಡಿಸಿ, ನನ್ನ ಪುಸ್ತಕಗಳನ್ನು ಅದರ ಮೇಲೆ ಇಡಿಸಿದರು. ಆದರೆ ಅಂದಿನಿಂದ ಮನೆಯಲ್ಲಿ ಅಳತೆಯ ಕೆಲಸ ಬಂದಾಗ ನನ್ನನ್ನು ಕರೆಯಲಿಲ್ಲ. ನಾನೂ ಮುಂದೆ ಹೋಗಲಿಲ್ಲ. ಲೆಕ್ಕಕ್ಕೂ ನನಗೂ ಋಣಾನುಬಂಧ ತೀರಿತೆಂದು ಆಗಲೇ ನಿರ್ಧರಿಸಿಕೊಂಡಿರಬೇಕು.

ಕಳೆದ ಬೇಸಿಗೆಯ ರಜೆಗೆ ಆರು ವರ್ಷದ ಮೊಮ್ಮಗಳು ಊರಿಗೆ ಬಂದಳು. ಅವಳ ಅಭ್ಯಾಸ ಪುಸ್ತಕದಲ್ಲಿ ಒಂದು ಚಿತ್ರವಿತ್ತು: ಅಳತೆಪಟ್ಟಿಯ ಮಗ್ಗುಲಲ್ಲಿ ಪೆನ್ಸಿಲು. ಪೆನ್ಸಿಲಿನ ಹಿಂದಿನ ತುದಿ ಎರಡರ ಗೆರೆಗೆ, ಮೊನೆ ಏಳರ ಗೆರೆಗೆ. ಅವಳು ಉದ್ದ ಏಳು ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. “ಅಜ್ಜಾ, ಇಲ್ಲಿ ಏಳು ಅಂತ ಬರದೈತಲ್ಲ, ಮತ್ತ ನಂದ್ಯಾಕ ತಪ್ಪು?” ಎಂದು ಕೇಳಿದಳು. ನಾನು ತಲೆಯೆತ್ತಿ ಗೋಡೆಯ ಹಲಗೆಯನ್ನು ನೋಡಿದೆ. ಐವತ್ತೈದು ವರ್ಷಗಳ ಅಂತರದಲ್ಲಿ ಅಜ್ಜ ಮೊಮ್ಮಗಳು ಇಬ್ಬರೂ ಒಂದೇ ತಪ್ಪನ್ನು ಮಾಡಿದ್ದೆವು. ಪಟ್ಟಿಯ ಮೇಲಿನ ಅಂಕೆಯನ್ನು ಓದಿದ್ದೆವೇ ಹೊರತು ಅಳೆದಿರಲಿಲ್ಲ.

ಓದುವುದು ಬೇರೆ, ಅಳೆಯುವುದು ಬೇರೆ. ಛಂದಸ್ಸನ್ನು ಕಲಿಸುವಾಗ ನಾನು ಇದನ್ನು ಪ್ರತಿವರ್ಷವೂ ಕಂಡಿದ್ದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂಬುದನ್ನು ಬಾಯಿಪಾಠ ಮಾಡಿ, ಪದ್ಯದ ನೆತ್ತಿಯ ಮೇಲೆ ತಪ್ಪಿಲ್ಲದೆ ಪ್ರಸ್ತಾರ ಹಾಕುವ ವಿದ್ಯಾರ್ಥಿಗೆ ಅದೇ ಪದ್ಯವನ್ನು ಓದೆಂದರೆ ಲಯ ತಪ್ಪುತ್ತಿತ್ತು. ಒಂದು ಲಘುವಿನ ಕಾಲ ಎಷ್ಟೆಂಬುದು ಕಿವಿಗೆ ನಾಟದ ಹೊರತು ಗಣಗಳ ಹೆಸರು ಬರಿಯ ಹೆಸರೇ. ಉದ್ದದ ಅಳತೆಯಲ್ಲಿಯೂ ಹೀಗೆಯೇ. ಒಂದು ಮಾನವನ್ನು ಹಿಡಿದು, ಅದನ್ನು ಸಾಲಾಗಿ, ಸಂದು ಬಿಡದೆ, ಒಂದರ ಮೇಲೊಂದು ಏರಿಸದೆ ಇಡುತ್ತ ಹೋಗಿ, ಎಷ್ಟು ಸಲ ಇಟ್ಟೆವೆಂದು ಎಣಿಸುವ ಕ್ರಿಯೆಗೆ ಅಳತೆಯೆಂದು ಹೆಸರು. ಫೂಟಪಟ್ಟಿ ಆ ಕ್ರಿಯೆಯನ್ನು ಮುಂಚಿತವಾಗಿಯೇ ಮಾಡಿಟ್ಟಿರುವ ಉಪಕರಣ. ಕ್ರಿಯೆಯನ್ನೇ ಅರಿಯದ ಮಗುವಿನ ಕೈಗೆ ಉಪಕರಣವನ್ನು ಕೊಟ್ಟರೆ ಅದು ಅಂಕೆಗಳನ್ನು ಮಾತ್ರ ನೋಡೀತು.

ಹಾಗಾದರೆ ಎಲ್ಲಿಂದ ತೊಡಗಬೇಕು? ನನ್ನ ಅನುಭವಕ್ಕೆ ಬಂದ ಕ್ರಮವನ್ನು ಹೇಳುತ್ತೇನೆ. ಶಿಕ್ಷಣದ ವಿದ್ವಾಂಸರೂ ಬಹುಮಟ್ಟಿಗೆ ಈ ಕ್ರಮವನ್ನೇ ಒಪ್ಪುತ್ತಾರೆ.

ಮೊದಲು ಸಂಖ್ಯೆಯೇ ಬೇಡ, ಹೋಲಿಕೆ ಸಾಕು. ಅಂಗಳದಲ್ಲಿ ಒಣಗಲು ಹಾಕಿದ ಬ್ಯಾಡಗಿ ಮೆಣಸಿನಕಾಯಿಗಳಲ್ಲಿ ಎರಡನ್ನು ಕೊಟ್ಟು ಯಾವುದು ಉದ್ದವೆಂದು ಕೇಳಬೇಕು. ಮಗು ಎರಡನ್ನೂ ಎರಡು ಕೈಗಳಲ್ಲಿ ಹಿಡಿದು ನೋಡುತ್ತದೆ. ಮೆಲ್ಲಗೆ ಪಕ್ಕಪಕ್ಕಕ್ಕೆ ತರುತ್ತದೆ. ಕೊನೆಗೆ ತೊಟ್ಟಿಗೆ ತೊಟ್ಟು ಹೊಂದಿಸಬೇಕೆಂದು ತಾನೇ ಕಂಡುಕೊಳ್ಳುತ್ತದೆ. ಮೊದಲು ತುದಿಗಳು ಒಂದೇ ಗೆರೆಯಲ್ಲಿರಬೇಕೆಂಬ ಈ ತಿಳಿವಳಿಕೆಯೇ ಮುಂದೆ ಸೊನ್ನೆಯ ಗೆರೆಯಾಗಿ ಬೆಳೆಯುತ್ತದೆ. 1970ರಲ್ಲಿ ನನಗಿಲ್ಲದೆ ಹೋದದ್ದು ಇದೇ.

ಈ ಹಂತದಲ್ಲಿ ಮಾತಿನ ಕಡೆಗೂ ಲಕ್ಷ್ಯವಿರಬೇಕು. ಎಲ್ಲಕ್ಕೂ ದೊಡ್ಡದು, ಸಣ್ಣದು ಎಂದು ಹೇಳಿ ಮುಗಿಸುವುದು ನಮ್ಮ ರೂಢಿ. ಕನ್ನಡಕ್ಕೆ ಇಂಥ ಬಡತನ ಬಂದಿಲ್ಲ. ಹಗ್ಗ ಉದ್ದ ಇಲ್ಲವೆ ಗಿಡ್ಡ, ಗಿಡ ಎತ್ತರ, ಬಾವಿ ಆಳ, ಓಣಿ ಅಗಲ, ರೊಟ್ಟಿ ದಪ್ಪ ಇಲ್ಲವೆ ತೆಳು. ಒಂದೊಂದು ಶಬ್ದವೂ ಮಗುವಿನ ಕಣ್ಣನ್ನು ಒಂದೊಂದು ದಿಕ್ಕಿಗೆ ತಿರುಗಿಸುತ್ತದೆ. ದಪ್ಪನೆಯ ಗಿಡ್ಡ ಬೊಂಬೂ, ತೆಳುವಾದ ಉದ್ದನೆಯ ದಂಟೂ ಎದುರಿಗಿದ್ದಾಗ ಯಾವುದು ದೊಡ್ಡದೆಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವುದು ಉದ್ದವೆಂಬ ಪ್ರಶ್ನೆಗೆ ಉತ್ತರವುಂಟು.

ಇಲ್ಲಿ ಒಂದು ಸೋಜಿಗವನ್ನು ತಾವೇ ಮನೆಯಲ್ಲಿ ನೋಡಬಹುದು. ಕಸಬರಿಗೆಯ ಎರಡು ಕಡ್ಡಿಗಳನ್ನು ಸಮನಾಗಿ ಮುರಿದು ಪಕ್ಕಪಕ್ಕಕ್ಕಿಡಿ. ಐದು ವರ್ಷದ ಮಗು ಎರಡೂ ಸಮ ಎನ್ನುತ್ತದೆ. ಅದರ ಕಣ್ಣೆದುರಿನಲ್ಲಿಯೇ ಒಂದು ಕಡ್ಡಿಯನ್ನು ಎರಡು ಬೆರಳಿನಷ್ಟು ಮುಂದಕ್ಕೆ ಸರಿಸಿ ಮತ್ತೆ ಕೇಳಿ. ಮುಂದಕ್ಕೆ ಹೋದದ್ದೇ ಉದ್ದವೆಂದು ಎಷ್ಟೋ ಮಕ್ಕಳು ಹೇಳುತ್ತವೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ ತನ್ನ ಸಹೋದ್ಯೋಗಿಗಳೊಡನೆ ಮಕ್ಕಳ ಜ್ಯಾಮಿತಿಯ ಕಲ್ಪನೆಗಳನ್ನು ಕುರಿತು ಬರೆದು 1948ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಪ್ರಯೋಗಗಳ ವಿವರಗಳಿವೆ. ವಸ್ತುವನ್ನು ಸರಿಸಿದರೆ ಅದರ ಉದ್ದ ಬದಲಾಗದೆಂಬ ಅರಿವು ಹುಟ್ಟಿನಿಂದ ಬರುವುದಲ್ಲ. ಏಳೆಂಟು ವರ್ಷಗಳ ಹೊತ್ತಿಗೆ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಆದುದರಿಂದ ಮಗು ಹಾಗೆ ಹೇಳಿದಾಗ ಗದರಿಸಬೇಕಾದುದೇನೂ ಇಲ್ಲ. ಕಡ್ಡಿಯನ್ನು ಹಿಂದಕ್ಕೆ ತರಲಿ, ಮತ್ತೆ ಸರಿಸಲಿ. ಹತ್ತು ಸಲ ಆಡಲಿ. ನಾವು ಹೇಳಿಕೊಟ್ಟು ಒಪ್ಪಿಸಿದ ಉತ್ತರ ಮರುದಿನಕ್ಕೆ ಉಳಿಯದು. ಕೈ ಕಂಡುಕೊಂಡದ್ದು ಉಳಿಯುತ್ತದೆ.

ಎರಡನೆಯ ಹಂತ, ಪಕ್ಕಕ್ಕೆ ತರಲಾಗದ ವಸ್ತುಗಳ ಹೋಲಿಕೆ. ಪಡಸಾಲೆಯ ಹೊರಸು ಕೋಣೆಯ ಬಾಗಿಲಿನಲ್ಲಿ ಹಿಡಿದೀತೆ? ಬಾಗಿಲನ್ನು ಹೊರಸಿನ ಬಳಿಗೆ ತರಲಾಗದು. ಮೊಮ್ಮಗಳು ಬಹಳ ಹೊತ್ತು ಎರಡನ್ನೂ ನೋಡುತ್ತ ನಿಂತಳು. ಆಮೇಲೆ ಅಜ್ಜಿಯ ಹೂ ಕಟ್ಟುವ ದಾರವನ್ನು ತಂದು, ಹೊರಸಿನ ಅಗಲಕ್ಕೆ ಹಿಡಿದು, ಗಂಟು ಹಾಕಿ, ಬಾಗಿಲಿಗೆ ಒಯ್ದಳು. ನಾನು ನಕ್ಕಿದ್ದ ಬಡಿಗನ ಜೋಳದ ದಂಟು ಆ ದಾರದಲ್ಲಿ ನನಗೆ ಕಾಣಿಸಿತು. ಅಂಕೆಯಿಲ್ಲದೆ, ಅಕ್ಷರವಿಲ್ಲದೆ, ಒಂದು ಉದ್ದವನ್ನು ಇನ್ನೊಂದೆಡೆಗೆ ಹೊತ್ತೊಯ್ಯುವ ಈ ಜಾಣ್ಮೆಯಲ್ಲಿ ತರ್ಕದ ಒಂದು ದೊಡ್ಡ ಮೆಟ್ಟಿಲಿದೆ: ಹೊರಸು ದಾರಕ್ಕೆ ಸಮ, ದಾರ ಬಾಗಿಲಿಗಿಂತ ಗಿಡ್ಡ, ಆದುದರಿಂದ ಹೊರಸು ಬಾಗಿಲಿಗಿಂತ ಗಿಡ್ಡ. ಬಡಿಗನ ಅಳತೆ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ನಗೆ.

ಮೂರನೆಯ ಹಂತದಲ್ಲಿ ಎಣಿಕೆ ಬರುತ್ತದೆ. ಮನೆಯಲ್ಲಿರುವ ಒಂದೇ ಅಳತೆಯ ವಸ್ತುಗಳು ಇದಕ್ಕೆ ಬೇಕು: ಖಾಲಿ ಕಡ್ಡಿಪೆಟ್ಟಿಗೆಗಳು, ಒಂದೇ ಬಗೆಯ ಚಮಚಗಳು, ಕಡ್ಡಿಗಳು. ಮಣೆಯ ಉದ್ದಕ್ಕೆ ಎಷ್ಟು ಕಡ್ಡಿಪೆಟ್ಟಿಗೆ ಹಿಡಿದಾವೆಂದು ಮೊದಲು ಊಹಿಸಲಿ. ಆಮೇಲೆ ಸಾಲಾಗಿ ಇಟ್ಟು ಎಣಿಸಲಿ. ಊಹೆ ತಪ್ಪಿದರೆ ನಷ್ಟವಿಲ್ಲ. ಎರಡನೆಯ ಮಣೆಗೆ ಹೋಗುವಾಗ ಅದು ಹತ್ತಿರಕ್ಕೆ ಬಂದಿರುತ್ತದೆ. ನಮ್ಮವರು ಕಣ್ಣಳತೆ ಎಂದು ಕರೆದದ್ದು ಹೀಗೆ ಹುಟ್ಟುತ್ತದೆ. ಮಕ್ಕಳು ಪೆಟ್ಟಿಗೆಗಳ ನಡುವೆ ಸಂದು ಬಿಡುತ್ತಾರೆ, ಒಂದನ್ನು ಉದ್ದಕ್ಕೆ ಇನ್ನೊಂದನ್ನು ಅಡ್ಡಕ್ಕೆ ಇಡುತ್ತಾರೆ. ಹುಣಸೆಬೀಜಗಳನ್ನು ಕೊಟ್ಟು ನೋಡಿದರೆ ಇನ್ನೊಂದು ಪಾಠವಾಗುತ್ತದೆ. ಅದೇ ಮಣೆ ಒಮ್ಮೆ ಒಂದು ಸಂಖ್ಯೆಗೆ, ಇನ್ನೊಮ್ಮೆ ಮತ್ತೊಂದು ಸಂಖ್ಯೆಗೆ ಬರುತ್ತದೆ. ಬೀಜಗಳು ಒಂದೇ ಸಮನಿಲ್ಲವೆಂದು ಮಗುವೇ ದೂರು ತರುತ್ತದೆ. ಆ ದೂರಿಗಾಗಿಯೇ ನಾವು ಕಾದಿರಬೇಕು. ಕಡ್ಡಿಪೆಟ್ಟಿಗೆ ಒಂದೇ ಇದ್ದರೂ ಅಳೆಯಬಹುದೆ ಎಂದು ಮುಂದೆ ಕೇಳಬಹುದು. ಒಂದನ್ನೇ ಎತ್ತಿ, ಅದು ಮುಗಿದಲ್ಲಿ ಗುರುತು ಮಾಡಿ, ಆ ಗುರುತಿನಿಂದ ಮತ್ತೆ ಇಡುವ ಉಪಾಯ ಹೊಳೆದ ದಿನ ಮಗು ಅಳತೆಯ ಒಳಮನೆಯನ್ನು ಹೊಕ್ಕಿತೆಂದು ತಿಳಿಯಬೇಕು.

ನಾಲ್ಕನೆಯದು ಮೈಯ ಅಳತೆ. ಹೆಬ್ಬೆರಳಿನ ತುದಿಯಿಂದ ತೋರುಬೆರಳಿನ ತುದಿಗೆ ಚೋಟು, ಕಿರುಬೆರಳಿನ ತುದಿಗೆ ಗೇಣು, ಮೊಣಕೈಯಿಂದ ನಡುಬೆರಳಿನ ತುದಿಗೆ ಮೊಳ, ಚಾಚಿದ ತೋಳುಗಳ ನಡುವೆ ಮಾರು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಇವು ನಮ್ಮ ಮಾತಿನಲ್ಲಿ ಎಷ್ಟು ಬೆರೆತಿವೆಯೆಂದರೆ ಸಂತೋಷಪಟ್ಟವನಿಗೆ ಮುಗಿಲು ಮೂರೇ ಗೇಣು. ಚೋಟುದ್ದ ಹುಡುಗ ಮಾರುದ್ದ ಮಾತಾಡುತ್ತಾನೆ. ನೀರು ಎದೆಮಟ್ಟ, ಬಾವಿ ಎರಡಾಳುದ್ದ, ಮುಂದಿನ ಊರು ಕೂಗಳತೆಯಲ್ಲಿ. ಈ ಶಬ್ದಗಳನ್ನು ಬಳಸುವ ಮಕ್ಕಳಿಗೆ ಇಂದು ಅವುಗಳ ಹಿಂದಿನ ಕೈ ಕಾಣುವುದಿಲ್ಲ. ಗೇಣು ಹಾಕಿ ಅಳೆಯುವ ಮಗು ಗಣಿತದೊಂದಿಗೆ ಕನ್ನಡವನ್ನೂ ಕಲಿಯುತ್ತದೆ.

ಮೊಮ್ಮಗಳೂ ನಾನೂ ಹೊರಸಿನ ಉದ್ದವನ್ನು ಗೇಣು ಹಾಕಿ ನೋಡಿದೆವು. ಅವಳ ಲೆಕ್ಕಕ್ಕೆ 14 ಗೇಣು, ನನ್ನ ಲೆಕ್ಕಕ್ಕೆ 9. ಅವಳಿಗೆ ಬಹಳ ಸಂತೋಷವಾಯಿತು. ತನ್ನದೇ ಹೆಚ್ಚು ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊರಸು ಒಂದ ಐತಿ. ಯಾರ ಗೇಣು ಖರೆ ಅಜ್ಜಾ?” ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಅವಳ ಅಂಗೈಯನ್ನು ನನ್ನ ಅಂಗೈಯ ಮೇಲೆ ಹರಡಿಸಿದೆ. ತನ್ನ ಕೈ ಸಣ್ಣದಾದುದರಿಂದಲೇ ಸಂಖ್ಯೆ ದೊಡ್ಡದಾಯಿತೆಂಬುದನ್ನು ಅವಳೇ ಹೇಳಿದಳು. ಮಾನ ಕಿರಿದಾದಷ್ಟೂ ಎಣಿಕೆ ಹಿರಿದಾಗುತ್ತದೆಂಬ ಈ ಸತ್ಯವನ್ನು ಸೂತ್ರವಾಗಿ ಹೇಳಿದ್ದರೆ ಆರು ವರ್ಷದ ಮಗುವಿಗೆ ತಿಳಿಯುತ್ತಿರಲಿಲ್ಲ.

ಯಾರ ಗೇಣು ಖರೆ ಎಂಬ ಪ್ರಶ್ನೆ ಬಹಳ ಹಳೆಯದು. ಜೈನ ಗ್ರಂಥಗಳು ಅಂಗುಲದಲ್ಲಿ ಭೇದಗಳನ್ನು ಹೇಳುತ್ತವೆ. ಆಯಾ ಕಾಲದ ಮನುಷ್ಯರ ಸ್ವಂತ ಬೆರಳಿನ ಅಳತೆಗೆ ಆತ್ಮಾಂಗುಲವೆಂದು ಹೆಸರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವು ಲೆಕ್ಕಕ್ಕೆ ತೊಡಗುವ ಮುನ್ನ ಅಳತೆಯ ಹೆಸರುಗಳನ್ನೇ ವಿವರಿಸುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಬರೆದ ಗಣಿತಗ್ರಂಥಕ್ಕೆ ವ್ಯವಹಾರಗಣಿತವೆಂದು ಹೆಸರಿಟ್ಟನು. ಹೊಲವನ್ನು ದಾನ ಕೊಡುವಾಗ ಯಾವ ಗಳೆಯಿಂದ ಅಳೆದು ಕೊಟ್ಟರೆಂಬುದನ್ನು ನಮ್ಮ ಶಾಸನಗಳು ಹೇಳುತ್ತವೆ. ಏಕೆಂದರೆ ಸೀಮೆಯಿಂದ ಸೀಮೆಗೆ ಗಳೆಯ ಉದ್ದ ಬೇರೆಯಾಗುತ್ತಿತ್ತು. ಹಿರೇಕೆರೂರಿನ ನೆರೆಯ ತಾಲೂಕಾದ ಶಿಕಾರಿಪುರದಲ್ಲಿರುವ ಬಳ್ಳಿಗಾವಿಯ ಶಾಸನಗಳಲ್ಲಿ ಭೇರುಂಡ ಗಳೆಯೆಂಬ ಹೆಸರು ಬರುತ್ತದೆ. ಕೊಡುವವನ ಗೇಣೂ ಅಲ್ಲ, ಕೊಳ್ಳುವವನ ಗೇಣೂ ಅಲ್ಲ, ಊರಿಗೆಲ್ಲ ಒಪ್ಪಿತವಾದ ಒಂದು ಕೋಲು ಬೇಕೆಂದು ಆ ಕಾಲದವರೂ ಅರಿತಿದ್ದರು.

ಫ್ರಾನ್ಸಿನವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯಾವ ಅರಸನ ಕೈಕಾಲನ್ನೂ ಮಾನವಾಗಿ ಹಿಡಿಯದೆ ಭೂಮಿಯನ್ನೇ ಹಿಡಿದರು. ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಪಾಲು ಮೀಟರು ಎಂದರು. 1983ರಿಂದ ಮೀಟರಿಗೆ ಬೆಳಕೇ ಆಧಾರ. ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು. ನಮ್ಮ ದೇಶ 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿತು. ಆದರೂ ಬಡಿಗನ ಬಾಯಲ್ಲಿ ಇಂಚು, ಹೂ ಮಾರುವವಳ ತೋಳಿನಲ್ಲಿ ಮೊಳ ಉಳಿದಿವೆ. ಹಬ್ಬದ ಹಿಂದಿನ ದಿನ ಉದ್ದತೋಳಿನ ಹೂವಾಡಗಿತ್ತಿಯನ್ನು ಹುಡುಕುವ ಗೃಹಿಣಿಗೆ ಪ್ರಮಾಣಮಾನದ ಅವಶ್ಯಕತೆಯನ್ನು ಯಾರೂ ಬೋಧಿಸಬೇಕಾಗಿಲ್ಲ. ಮಾನವಕುಲ ಗೇಣಿನಿಂದ ಮೀಟರಿಗೆ ಬರಲು ಸಾವಿರಾರು ವರ್ಷಗಳನ್ನು ತೆಗೆದುಕೊಂಡಿತು. ಮಗುವಿಗೆ ನಾವು ಒಂದೆರಡು ವರ್ಷಗಳನ್ನಾದರೂ ಕೊಡಬೇಡವೆ?

ಕೊನೆಯ ಹಂತದಲ್ಲಿ ಪಟ್ಟಿ ಬರಲಿ. ಅದನ್ನೂ ಮಗುವೇ ಮಾಡಲಿ. ಕಾಗದದ ಉದ್ದನೆಯ ಪಟ್ಟಿಯ ಮೇಲೆ ಕಡ್ಡಿಪೆಟ್ಟಿಗೆಯನ್ನು ಮತ್ತೆ ಮತ್ತೆ ಇಟ್ಟು ಗೆರೆ ಎಳೆದು, ಒಂದು ಪೆಟ್ಟಿಗೆ ಮುಗಿದಲ್ಲಿ ಒಂದು, ಎರಡು ಮುಗಿದಲ್ಲಿ ಎರಡು ಎಂದು ಬರೆಯಲಿ. ಇನ್ನೂ ಒಂದು ಪೆಟ್ಟಿಗೆಯನ್ನೂ ಇಡದ ಅಂಚಿಗೆ ಏನು ಬರೆಯಬೇಕೆಂದು ಕೇಳಿದರೆ ಸೊನ್ನೆಯ ಅರ್ಥ ತಾನೇ ತೆರೆದುಕೊಳ್ಳುತ್ತದೆ. ಅಂಕೆಗಳು ಗೆರೆಗಳ ಹೆಸರಲ್ಲ, ನಡುವಿನ ಜಾಗಗಳ ಎಣಿಕೆ. ಹೀಗೆ ತಾನೇ ಪಟ್ಟಿ ಮಾಡಿದ ಮೊಮ್ಮಗಳಿಗೆ ಎರಡರಿಂದ ಏಳರವರೆಗಿನ ಪೆನ್ಸಿಲಿನ ಚಿತ್ರವನ್ನು ಮತ್ತೆ ತೋರಿಸಿದೆ. ಬೆರಳಿನಿಂದ ಒಂದೊಂದೇ ಜಾಗವನ್ನು ಮುಟ್ಟುತ್ತ, “ಐದು” ಎಂದಳು.

ಇಂಥ ಕಲಿಕೆಗೆ ನಮ್ಮ ನಾಡಿನಲ್ಲಿ ಅವಕಾಶವಿಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊದಲಾದ ನಲಿ-ಕಲಿ, ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು ಕೈಯಾರೆ ಮಾಡಿ ಕಲಿಯುವ ಪದ್ಧತಿ. 2009ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅನೇಕ ಮಾಸ್ತರರೂ ಅಕ್ಕೋರೂ ಶ್ರದ್ಧೆಯಿಂದ ದುಡಿಯುತ್ತಿದ್ದಾರೆ. ಆದರೆ ಶಾಲೆಯಲ್ಲಿ ಕಡ್ಡಿ, ಬೀಜಗಳನ್ನು ಹಿಡಿದು ಬಂದ ಮಗುವಿಗೆ ಮನೆಯಲ್ಲಿ ನಾವು, “ಆಟ ಸಾಕು, ಪುಸ್ತಕ ಹಿಡಿ” ಎನ್ನುತ್ತೇವೆ. ಆಟವೇ ಪಾಠವೆಂದು ಹಿರಿಯರು ತಿಳಿಯಬೇಕಾಗಿದೆ. ಸವಣೂರಿಗೆ ಹೋದರೆ ಅಲ್ಲಿಯ ದೊಡ್ಡ ಹುಣಸೆಮರಗಳನ್ನು ತೋರಿಸಿ ಬರುತ್ತೇವೆ. ಆ ಮರಗಳ ಬುಡವನ್ನು ತಬ್ಬಲು ಎಷ್ಟು ಮಕ್ಕಳು ಕೈ ಕೈ ಹಿಡಿದು ನಿಲ್ಲಬೇಕೆಂದು ಕೇಳಿದವರು ಎಷ್ಟು ಜನ? ಮನುಷ್ಯನ ಮಾರು ಹೆಚ್ಚುಕಡಿಮೆ ಅವನ ಎತ್ತರಕ್ಕೆ ಸಮ. ಮರವನ್ನು ತಬ್ಬಿ ನಿಂತ ಮಕ್ಕಳನ್ನು ಸಾಲಾಗಿ ನೆಲದ ಮೇಲೆ ಮಲಗಿಸಿದರೆ ಎಷ್ಟುದ್ದವೋ ಸುಮಾರಾಗಿ ಅಷ್ಟೇ ಆ ಮರದ ಸುತ್ತಳತೆ. ಇದನ್ನು ಮಾಡಿ ನೋಡಿದ ಮಗು ಆ ಮರವನ್ನು ಮರೆಯಲಾರದು.

ರಜೆ ಮುಗಿಯುವ ಹಿಂದಿನ ದಿನ ಮೊಮ್ಮಗಳು ಗೋಡೆಯ ಹಲಗೆಯನ್ನು ಅಳೆಯಬೇಕೆಂದು ಹಟ ಹಿಡಿದಳು. ಎತ್ತಿ ಹಿಡಿದೆ. ಆರು ಗೇಣು, ಮೇಲೆ ಎರಡು ಬೆರಳು ಎಂದಳು. ಆಗ ಅವಳಿಗೆ ಆ ಹಲಗೆಯ ಕಥೆಯನ್ನು ಹೇಳಿದೆ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಎಷ್ಟು ಕಡಿಮೆ ಬಿದ್ದಿತ್ತೆಂದು ಕೇಳಿದಳು. ಮೂರು ಇಂಚನ್ನು ಪಟ್ಟಿಯಲ್ಲಿ ತೋರಿಸಿದೆ. ಅವಳು ತನ್ನ ಗೇಣನ್ನು ಅದರ ಮೇಲಿಟ್ಟು ನೋಡಿದಳು. ಅದು ಅರ್ಧ ಗೇಣಿಗಿಂತ ತುಸು ಹೆಚ್ಚು. “ಇಷ್ಟs ಏನಜ್ಜಾ?” ಎಂದಳು.

ಇಷ್ಟೇ. ಅಪ್ಪ ಅಂದು ನನ್ನ ಕೈಗೆ ಆ ದಂಟನ್ನು ಕೊಟ್ಟು ಇನ್ನೊಮ್ಮೆ ಅಳೆಯಲು ಹೇಳಿದ್ದರೆ ಅದು ಅಂದೇ ಮುಗಿಯುತ್ತಿತ್ತು. ಅವರ ತಪ್ಪೆಂದು ಹೇಳುತ್ತಿಲ್ಲ. ತಪ್ಪಿದ ಮಗುವಿನ ಕೈಗೆ ಅಳತೆಯನ್ನು ಮತ್ತೆ ಕೊಡಬೇಕೆಂದು ಅವರಿಗೆ ಹೇಳಿದವರಾರೂ ಇರಲಿಲ್ಲ. ತಮ್ಮ ಮನೆಯ ಮಗು ಅಳತೆಯಲ್ಲಿ ತಪ್ಪಿದರೆ ತಾವು ಇನ್ನೊಮ್ಮೆ ಕೊಡಿ.